ಜಮಖಾನದಲ್ಲಿ ಉಳಿದ ಹೊಗೆ

ಕಳೆದ ಆಷಾಢದಲ್ಲಿ ನಮ್ಮ ಬಳಗದ ತಿಂಗಳ ಸಭೆ ಎಂದಿನಂತೆ ಊರಿನ ಸಮುದಾಯ ಭವನದಲ್ಲಿ ನಡೆಯಿತು. ಹೊರಗೆ ಮಳೆ ಜಡಿ ಹಿಡಿದಿತ್ತು. ಇರಚಲು ಒಳಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಲಾಗಿತ್ತು. ಸೊಪ್ಪಿನಬೆಟ್ಟದ ಹಕ್ಕುಗಳ ಕುರಿತ ಚರ್ಚೆ ಆರಂಭವಾಗಿ ಇನ್ನೂ ಕಾಲುಗಂಟೆ ಕಳೆದಿರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸದಸ್ಯೆಯೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೊರಟರು. ಬಹುಶಃ ಮನೆಯಲ್ಲಿ ಕೆಲಸವಿರಬೇಕೆಂದು ನಾವೆಲ್ಲ ಭಾವಿಸಿದೆವು. ಬಳಗ ಆರಂಭವಾದ ದಿನದಿಂದಲೂ ಪಾದಯಾತ್ರೆಗಳಲ್ಲಿ ಮುಂದಿದ್ದವರು, ಗ್ರಾಮಸಭೆಯಲ್ಲಿ ಅಧಿಕಾರಿಗಳ ಎದುರು ನಿಂತು ಮಾತನಾಡಿದವರು ಅವರು. ಅದರ ಹಿಂದಿನ ಎರಡು ಸಭೆಗಳಿಗೂ ಅವರು ಬಂದಿರಲಿಲ್ಲವೆಂಬುದು ಆ ದಿನ ಯಾರ ಗಮನಕ್ಕೂ ಬರಲಿಲ್ಲ.

ಮರುದಿನ ಅವರ ಮನೆಗೆ ಹೋದಾಗ ಜಗಲಿಯ ತುದಿಯಲ್ಲಿ ಕುಳಿತು, ತುಟಿಗಳನ್ನು ಸೀಟಿ ಊದುವಂತೆ ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡುತ್ತಿದ್ದರು. “ನೀವು ಮಾತಾಡೋದು ಕೇಳ್ಬೇಕು ಅಂತಲೇ ಬಂದಿದ್ದೆ ತಮ್ಮಾ. ಆ ಜಮಖಾನದ ಮೇಲೆ ಕೂತ ಕೂಡ್ಲೆ ಎದೆ ಬಿಗಿದು ಬಂತು. ಬೀಡಿ ವಾಸನೆ. ಯಾರೂ ಸೇದ್ತಾ ಇರ್ಲಿಲ್ಲ, ಹಾಗಾಗಿ ಹೇಳೋದಾದ್ರೂ ಯಾರಿಗೆ?” ಎಂದರು. ವಿಚಾರಿಸಿದಾಗ ತಿಳಿದದ್ದಿಷ್ಟು: ಮಳೆಗಾಲದಲ್ಲಿ ಆ ಜಮಖಾನವನ್ನು ಸುತ್ತಿಡುವ ಕೋಣೆಯಲ್ಲಿಯೇ ನಮ್ಮ ಕೆಲವು ಗೆಳೆಯರು ಸಂಜೆ ಇಸ್ಪೀಟು ಆಡುತ್ತ ಬೀಡಿ ಸೇದುತ್ತಾರೆ. ಸಭೆಯ ದಿನವೂ ಜಗಲಿಯಲ್ಲಿ ಬೀಡಿ ಆರಿಸಿ ಒಳಬಂದ ಇಬ್ಬರು ಅವರ ಪಕ್ಕದಲ್ಲಿಯೇ ಕುಳಿತಿದ್ದರು. ಯಾರೂ ತಪ್ಪು ಮಾಡಬೇಕೆಂದು ಮಾಡಿದ್ದಲ್ಲ. ಆದರೂ ಕಾಡಿನ ಉಸಿರನ್ನು ಉಳಿಸಲೆಂದು ಕರೆದ ಸಭೆಯಲ್ಲಿ ನಮ್ಮವರೇ ಒಬ್ಬರಿಗೆ ಉಸಿರಾಡಲು ಆಗಲಿಲ್ಲ. ಈ ಸಂಚಿಕೆಯ ಸಂಪಾದಕೀಯವನ್ನು ಆ ವಿಷಯಕ್ಕೇ ಮೀಸಲಿಡುತ್ತಿದ್ದೇವೆ.

ಅವರಿಗಿರುವುದು ದೀರ್ಘಕಾಲಿಕ ಶ್ವಾಸನಾಳ ತಡೆಯ ಕಾಯಿಲೆ. ವೈದ್ಯರು ಚೀಟಿಯಲ್ಲಿ ಸಿ.ಓ.ಪಿ.ಡಿ. ಎಂದು ಬರೆಯುತ್ತಾರೆ, ನಮ್ಮ ಕಡೆ ಇದನ್ನು ದಮ್ಮು, ಉಬ್ಬಸ ಎಂದು ಒಂದೇ ಹೆಸರಿನಲ್ಲಿ ಕರೆದುಬಿಡುತ್ತೇವೆ. ಆಸ್ತಮಾಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆಸ್ತಮಾದಲ್ಲಿ ಬಿಗಿದ ಶ್ವಾಸನಾಳ ಸಾಮಾನ್ಯವಾಗಿ ಮತ್ತೆ ಸಡಿಲಗೊಳ್ಳುತ್ತದೆ. ಇದರಲ್ಲಿ ಹಾಗಲ್ಲ, ಸಣ್ಣ ನಾಳಗಳು ಉರಿಯೂತದಿಂದ ದಪ್ಪಗಟ್ಟಿ ಕಿರಿದಾಗಿರುತ್ತವೆ, ಗಾಳಿಚೀಲಗಳ ಗೋಡೆಗಳು ನಶಿಸಿರುತ್ತವೆ. ಅಡಿಕೆ ತೋಟ ಮಾಡುವವರಿಗೆ ಇದನ್ನು ಹೀಗೆ ವಿವರಿಸಬಹುದು: ಬಸಿಗಾಲುವೆ ಹೂಳು ತುಂಬಿದರೆ ಬಿದ್ದ ಮಳೆಯ ನೀರು ಹೊರಹೋಗದೆ ಬೇರಿನ ಬುಡದಲ್ಲಿ ನಿಲ್ಲುತ್ತದೆ. ಹಾಗೆಯೇ ಈ ಕಾಯಿಲೆಯಲ್ಲಿ ಹಳೆಯ ಗಾಳಿ ಪೂರ್ತಿಯಾಗಿ ಹೊರಹೋಗದೆ ಎದೆಯಲ್ಲಿ ನಿಲ್ಲುತ್ತದೆ. ಹೊಸ ಗಾಳಿಗೆ ಜಾಗವಿರುವುದಿಲ್ಲ. ರೋಗಿಯ ಕಷ್ಟ ಉಸಿರು ಎಳೆಯುವುದಕ್ಕಿಂತ ಉಸಿರು ಬಿಡುವುದರಲ್ಲಿದೆ. ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವ ಕ್ರಮವನ್ನು ವೈದ್ಯರು ಕಲಿಸುವುದು ಇದೇ ಕಾರಣಕ್ಕೆ.

ಇದು ಅಪರೂಪದ ಕಾಯಿಲೆಯಲ್ಲ. 1990ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 81 ಲಕ್ಷ ಜನರಿಗಿದ್ದ ಈ ರೋಗ 2016ರ ವೇಳೆಗೆ ಸುಮಾರು 5 ಕೋಟಿ 53 ಲಕ್ಷ ಜನರನ್ನು ಮುಟ್ಟಿತ್ತೆಂದು ದೇಶದ ರೋಗಹೊರೆಯ ಅಧ್ಯಯನ 2018ರಲ್ಲಿ ಪ್ರಕಟಿಸಿತು. ಬೀಡಿ, ಸಿಗರೇಟು ಇದರ ಒಂದು ದೊಡ್ಡ ಕಾರಣ. ಆದರೆ ನಮ್ಮ ಈ ಹಿರಿಯರು ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟಿದವರಲ್ಲ. ಮದುವೆಯಾಗಿ ಬಂದಂದಿನಿಂದ ನಲವತ್ತು ವರ್ಷ ಊದುಗೊಳವೆ ಹಿಡಿದು ಒಲೆ ಊದಿದವರು. ಬೆಳಗಿನ ಬಚ್ಚಲೊಲೆ, ಎರಡು ಹೊತ್ತಿನ ಅಡುಗೆಯೊಲೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆ, ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ; ಇವೆಲ್ಲ ಅವರ ಎದೆಯಲ್ಲಿ ಸೇರಿವೆ. ಮಲೆನಾಡಿನ ಬಹುತೇಕ ಹೆಂಗಸರ ಎದೆಯ ಕಥೆ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದಾಗ ಅದನ್ನು ಸೌದೆ ಉಳಿಸುವ ಒಲೆಯೆಂದೇ ಪ್ರಚಾರ ಮಾಡಿದೆವು. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿ ಎದೆ ಉಳಿಸುವ ಒಲೆಯೂ ಅದೇ ಎಂಬುದನ್ನು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಅದು ನಮ್ಮ ಚಳವಳಿಯ ಕೊರತೆ.

ಇಂತಹ ಶ್ವಾಸಕೋಶಕ್ಕೆ ತಂಬಾಕಿನ ಹೊಗೆ ಅತ್ಯಂತ ಕ್ರೂರವಾದುದು. ಆ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳು. ಅಕ್ರೋಲಿನ್, ಫಾರ್ಮಾಲ್ಡಿಹೈಡ್, ಅಮೋನಿಯಾದಂಥವು ಶ್ವಾಸನಾಳದ ನರಗಳನ್ನು ನೇರವಾಗಿ ಕೆರಳಿಸುತ್ತವೆ. ಆರೋಗ್ಯವಂತರಿಗೆ ಒಂದು ಕೆಮ್ಮಿನಲ್ಲಿ ಮುಗಿಯುವುದು ಮೊದಲೇ ಕಿರಿದಾದ ನಾಳವುಳ್ಳವರಿಗೆ ಬಿಗಿತವಾಗುತ್ತದೆ, ಕಫ ಹೆಚ್ಚುತ್ತದೆ. ಒಮ್ಮೊಮ್ಮೆ ರೋಗ ಉಲ್ಬಣಗೊಂಡು ಆಸ್ಪತ್ರೆ ಸೇರಬೇಕಾಗುತ್ತದೆ. ಪ್ರತಿ ಉಲ್ಬಣದ ಬಳಿಕ ಶ್ವಾಸಕೋಶ ಮೊದಲಿನ ಸ್ಥಿತಿಗೆ ಪೂರ್ಣವಾಗಿ ಮರಳದೆ ಇರಬಹುದು. ಆದುದರಿಂದ “ಸ್ವಲ್ಪ ವಾಸನೆ ತಾನೇ, ಸಹಿಸಿಕೊಳ್ಳಿ” ಎಂಬ ಮಾತು ಅವರಿಗೆ ಸಲ್ಲುವುದಿಲ್ಲ.

ಇನ್ನು ಬೀಡಿ ಆರಿಸಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆ. ಸೇದುವವನು ಎಳೆಯುವುದು ಮೊದಲನೆಯ ಹೊಗೆ. ಪಕ್ಕದಲ್ಲಿರುವವನಿಗೆ ಸಿಗುವುದು ಎರಡನೆಯದು. ಕಣ್ಣಿಗೆ ಕಾಣುವ ಹೊಗೆ ಕರಗಿದ ನಂತರ ಬಟ್ಟೆ, ಕೂದಲು, ಗೋಡೆ, ಹಾಸಿಗೆ, ಧೂಳುಗಳಲ್ಲಿ ಅಂಟಿ ಉಳಿಯುವುದನ್ನು ವಿಜ್ಞಾನಿಗಳು ಮೂರನೆಯ ಕೈಯ ಹೊಗೆ ಎನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಒಂದು ಪತ್ರಿಕೆಯಲ್ಲಿ 2009ರಲ್ಲಿ ಬಂದ ಲೇಖನದಿಂದ ಈ ಮಾತು ಹೆಚ್ಚು ಬಳಕೆಗೆ ಬಂತು. ನಿಕೋಟಿನ್ ಮೇಲ್ಮೈಗಳಿಗೆ ಅಂಟಿಕೊಂಡು ದಿನಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಮತ್ತೆ ಗಾಳಿಗೆ ಸೇರುತ್ತಿರುತ್ತದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಸಂಶೋಧಕರು ಇನ್ನೊಂದು ಸಂಗತಿಯನ್ನು ತೋರಿಸಿದರು: ಅಂಟಿದ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಕೂಡಿ ನೈಟ್ರೋಸಮೀನ್ ಎಂಬ ಹೊಸ ವಿಷಗಳನ್ನು ಹುಟ್ಟಿಸುತ್ತದೆ. ಉರಿಯುವ ಒಲೆಗಳಿಂದಲೂ ವಾಹನಗಳಿಂದಲೂ ಈ ಆಮ್ಲ ಗಾಳಿಗೆ ಸೇರುತ್ತದೆ. ಅಂದರೆ ಹಳೆಯ ಹೊಗೆ ಸುಮ್ಮನೆ ಕುಳಿತಿರುವುದಿಲ್ಲ, ಬದಲಾಗುತ್ತಲೂ ಇರುತ್ತದೆ. ಧೂಮಪಾನಿಗಳು ಬಿಟ್ಟುಹೋದ ಮನೆಗಳನ್ನು ತೊಳೆದು, ಎರಡು ತಿಂಗಳು ಖಾಲಿ ಬಿಟ್ಟ ಮೇಲೂ ಅಲ್ಲಿನ ಧೂಳಿನಲ್ಲಿ ಮತ್ತು ಗೋಡೆಗಳಲ್ಲಿ ನಿಕೋಟಿನ್ ಸಿಕ್ಕಿದ್ದನ್ನು ಸ್ಯಾನ್ ಡಿಯಾಗೋದ ಅಧ್ಯಯನವೊಂದು 2011ರಲ್ಲಿ ವರದಿ ಮಾಡಿತು.

ನಮ್ಮ ಸಭೆಗೆ ಇನ್ನೂ ಹತ್ತಿರವಾದ ಉದಾಹರಣೆ ಜರ್ಮನಿಯ ಮೈಂಟ್ಸ್ ನಗರದ ಚಿತ್ರಮಂದಿರವೊಂದರದು. ಅದು ಧೂಮಪಾನ ನಿಷಿದ್ಧವಾದ, ಗಾಳಿ ಚೆನ್ನಾಗಿ ಆಡುವ ಮಂದಿರ. ಅಲ್ಲಿನ ಗಾಳಿಯನ್ನು ಅಳೆದ ಯೇಲ್ ವಿಶ್ವವಿದ್ಯಾಲಯ ಮತ್ತು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2020ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಪ್ರೇಕ್ಷಕರು ಒಳಬರುತ್ತಿದ್ದಂತೆಯೇ ತಂಬಾಕಿನ ಹೊಗೆಯ ಅನಿಲಗಳು ಏರುತ್ತಿದ್ದವು. ಒಳಗೆ ಯಾರೂ ಸೇದಿರಲಿಲ್ಲ. ಜನ ಮೈ ಮತ್ತು ಬಟ್ಟೆಯಲ್ಲಿ ಅವನ್ನು ಹೊತ್ತು ತಂದಿದ್ದರು. ಕೆಲವು ಅನಿಲಗಳ ಪ್ರಮಾಣ 1ರಿಂದ 10 ಸಿಗರೇಟುಗಳ ಎರಡನೆಯ ಹೊಗೆಗೆ ಸಮವಾಗಿತ್ತು. ಗಾಳಿ ಆಡುವ ಮಂದಿರದಲ್ಲಿಯೇ ಹೀಗಾದರೆ ಆಷಾಢದಲ್ಲಿ ಕಿಟಕಿ ಮುಚ್ಚಿದ ನಮ್ಮ ಭವನದ ಮಾತೇನು? ನಮ್ಮಲ್ಲಿ ಕಂಬಳಿ, ಜಮಖಾನ, ಹಾಸಿಗೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಇಲ್ಲ. ಮಳೆಗಾಲದ ಬಸ್ಸಿನಲ್ಲಿಯೂ ಕಿಟಕಿ ಇಳಿಸಿ ಐವತ್ತು ಜನ ಒದ್ದೆ ಬಟ್ಟೆಯಲ್ಲಿ ಒತ್ತಿ ನಿಂತಿರುತ್ತೇವೆ. ದಮ್ಮಿನ ರೋಗಿಗಳು ಮಳೆಗಾಲದಲ್ಲಿ ಪೇಟೆಗೆ ಹೋಗಲು ಏಕೆ ಹೆದರುತ್ತಾರೆಂಬುದು ಇದರಿಂದ ಅರ್ಥವಾಗುತ್ತದೆ.

ಕೃಷಿ ವಿಜ್ಞಾನದಲ್ಲಿ ಕೆಲಸ ಮಾಡುವವರಿಗೆ ಈ ವಿಚಾರ ತೀರ ಹೊಸದಾಗಿ ಕಾಣಬಾರದಿತ್ತು. ಟೊಮೆಟೊ, ಮೆಣಸಿನ ಸಸಿಮಡಿಗಳಲ್ಲಿ ಕೆಲಸ ಮಾಡುವವರಿಗೆ ನಾವು ಬಹು ಕಾಲದಿಂದ ಒಂದು ನಿಯಮ ಹೇಳುತ್ತ ಬಂದಿದ್ದೇವೆ: ಬೀಡಿ ಸೇದಿ ಅಥವಾ ತಂಬಾಕು ಮುಟ್ಟಿ ಬಂದವರು ಸೋಪು ಹಾಕಿ ಕೈ ತೊಳೆಯದೆ ಸಸಿ ಮುಟ್ಟಬಾರದು. ಕಾರಣ ತಂಬಾಕಿನ ಮೊಸಾಯಿಕ್ ನಂಜು. 1892ರಲ್ಲಿ ರಷ್ಯಾದ ಇವಾನೊವ್‌ಸ್ಕಿ, 1898ರಲ್ಲಿ ಹಾಲೆಂಡಿನ ಬೈಯರಿಂಕ್ ನಡೆಸಿದ ಪ್ರಯೋಗಗಳಿಂದ ಜಗತ್ತು ಮೊದಲು ಗುರುತಿಸಿದ ವೈರಸ್ ಅದೇ. ಒಣಗಿದ ತಂಬಾಕಿನ ಎಲೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದಿದ್ದು, ಸೇದುವವನ ಬೆರಳಿನಿಂದ ಎಳೆಯ ಸಸಿಗೆ ದಾಟಬಲ್ಲದು. ವೈರಸ್ಸಿನ ದಾರಿಯೇ ಬೇರೆ, ಹೊಗೆಯ ವಿಷದ ದಾರಿಯೇ ಬೇರೆ, ಎರಡನ್ನೂ ಒಂದೆನ್ನುವಂತಿಲ್ಲ. ಆದರೆ ಬೀಡಿ ಆರಿದ ಮೇಲೂ ಕೈಯಲ್ಲಿ ಏನೋ ಉಳಿದಿರುತ್ತದೆಂದು ಮೆಣಸಿನ ಸಸಿಯ ವಿಷಯದಲ್ಲಿ ಒಪ್ಪಿಕೊಂಡ ನಾವು, ತೊಟ್ಟಿಲಿನ ಮಗುವಿನ ವಿಷಯದಲ್ಲಿ, ದಮ್ಮಿನ ರೋಗಿಯ ವಿಷಯದಲ್ಲಿ ಅದನ್ನು ಯೋಚಿಸಲೇ ಇಲ್ಲ. ಇದನ್ನು ಬರೆಯುತ್ತಿರುವವನೂ ಹತ್ತಾರು ತರಬೇತಿಗಳಲ್ಲಿ ಆ ನಿಯಮ ಹೇಳಿದ್ದಾನೆ. ನಮ್ಮ ಸಭೆಯ ಬಾಗಿಲಲ್ಲಿ ಒಮ್ಮೆಯೂ ಹೇಳಿಲ್ಲ.

ಈ ಮಾತು ಎತ್ತಿದಾಗ ಬಳಗದೊಳಗೇ ಮೂರು ಆಕ್ಷೇಪಗಳು ಬಂದವು. ಅವುಗಳಿಗೆ ಉತ್ತರ ಹೇಳುವುದು ಅಗತ್ಯ. ಮೊದಲನೆಯದು, “ಒಲೆಯ ಹೊಗೆಯಲ್ಲಿ ಕುಳಿತು ಅಭ್ಯಾಸವಿರುವವರಿಗೆ ಬೀಡಿಯ ವಾಸನೆ ಯಾವ ಲೆಕ್ಕ?” ಎಂಬುದು. ಶ್ವಾಸಕೋಶಕ್ಕೆ ಹೊಗೆ ಅಭ್ಯಾಸವಾಗುವುದಿಲ್ಲ, ಅದು ಸವೆಯುತ್ತದೆ. ಒಲೆಯ ಹೊಗೆಯಿಂದ ಸವೆದ ಎದೆಗೆ ಬೀಡಿಯ ಹೊಗೆ ಎರಡನೆಯ ಪೆಟ್ಟು. ಒಲೆಯನ್ನೂ ಸರಿಪಡಿಸಬೇಕು, ಇದನ್ನೂ ಸರಿಪಡಿಸಬೇಕು. ಒಂದು ಇನ್ನೊಂದಕ್ಕೆ ನೆಪವಾಗಬಾರದು.

ಎರಡನೆಯದು, “ಕೆಲವು ರೋಗಿಗಳು ತಾವೇ ಮೂವತ್ತು ವರ್ಷ ಸೇದಿ ಈಗ ಉಳಿದವರಿಗೆ ಬುದ್ಧಿ ಹೇಳುತ್ತಾರೆ” ಎಂಬುದು. ಹೌದು, ನಮ್ಮಲ್ಲಿ ಅಂಥವರೂ ಇದ್ದಾರೆ. ಸೇದಿದ್ದರ ಪಶ್ಚಾತ್ತಾಪವನ್ನೂ ರೋಗವನ್ನೂ ಒಟ್ಟಿಗೆ ಹೊತ್ತು ಬಾಯಿ ಬಿಡದೆ ಮನೆಯ ಮೂಲೆ ಸೇರಿದ್ದಾರೆ. ಕಾಯಿಲೆ ಹೇಗೆ ಬಂತೆಂದು ವಿಚಾರಣೆ ಮಾಡಿ ಗಾಳಿ ಹಂಚುವ ಹಕ್ಕು ಯಾರಿಗೂ ಇಲ್ಲ. ಬಿಟ್ಟವರು ಬಿಟ್ಟದ್ದನ್ನು ಉಳಿಸಿಕೊಳ್ಳುವುದಕ್ಕೂ ವಾಸನೆಯಿಲ್ಲದ ಜಾಗ ಬೇಕು.

ಮೂರನೆಯದು ಗಂಭೀರವಾದುದು. “ಕೂಲಿಯವನಿಗೆ ದಿನಕ್ಕೆ ನಾಲ್ಕು ಸಲ ಕುಳಿತು ದಣಿವಾರಿಸಿಕೊಳ್ಳಲು ಇರುವ ನೆಪವೇ ಬೀಡಿ. ಓದಿದವರು ಅದನ್ನೂ ಕಿತ್ತುಕೊಳ್ಳುತ್ತೀರಾ?” ಎಂದು ಕೆಲಸಗಾರ ಗೆಳೆಯರೊಬ್ಬರು ಕೇಳಿದರು. ಅವರ ಮಾತಿನಲ್ಲಿ ಸತ್ಯವಿದೆ. ಬೀಡಿ ಹಚ್ಚಿದರೆ ಮಾತ್ರ ವಿರಾಮ ಸಿಗುವ ಕೆಲಸದ ಕ್ರಮವನ್ನು ಸೃಷ್ಟಿಸಿದವರು ತೋಟದ ಮಾಲೀಕರಾದ ನಾವೇ. ಬೀಡಿಯಿಲ್ಲದೆಯೂ ಕುಳಿತುಕೊಳ್ಳುವ ಹತ್ತು ನಿಮಿಷ, ಒಂದು ಲೋಟ ಚಹಾ, ನೆರಳು. ಇವುಗಳನ್ನು ಕೊಡುವ ಹೊಣೆ ನಮ್ಮದು. ಅವಮಾನಿಸಿ ಯಾರ ಚಟವನ್ನೂ ಬಿಡಿಸಲಾಗದು. ಆದರೆ ಆ ಗೆಳೆಯರ ಎದೆಯೂ ಅದೇ ಹೊಗೆಯಿಂದ ಸವೆಯುತ್ತಿದೆ ಎಂಬುದನ್ನು ಹೇಳದೆ ಇರುವುದು ಗೌರವವಲ್ಲ.

ಕಾನೂನು ಈ ದಿಕ್ಕಿನಲ್ಲಿ ಬಹಳ ದೂರ ಬಂದಿದೆ. 1999ರಲ್ಲಿ ಕೇರಳ ಉಚ್ಚ ನ್ಯಾಯಾಲಯವೂ, 2001ರ ನವೆಂಬರಿನಲ್ಲಿ ಮುರಳಿ ದೇವೋರಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವೂ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುವ ಆದೇಶ ನೀಡಿದವು. ಸೇದದವನು ಇನ್ನೊಬ್ಬರ ಹೊಗೆಯಿಂದ ಏಕೆ ಬಳಲಬೇಕೆಂಬುದೇ ಅವುಗಳ ಹಿಂದಿದ್ದ ಪ್ರಶ್ನೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು ಇದನ್ನು ದೇಶಕ್ಕೆಲ್ಲ ವಿಸ್ತರಿಸಿದವು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾಯ್ದೆ ನಮ್ಮ ರಾಜ್ಯದಲ್ಲಿ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿ, ತಂಬಾಕು ಮಾರಾಟದ ಕನಿಷ್ಠ ವಯಸ್ಸನ್ನು 21 ಮಾಡಿತು. ಆದರೆ ಮನೆಯ ಹೊಸ್ತಿಲ ಒಳಗೆ ಕಾನೂನಿಗೆ ಪ್ರವೇಶವಿಲ್ಲ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 38.7 ಮಂದಿ ಮನೆಯಲ್ಲಿಯೇ ಇನ್ನೊಬ್ಬರ ಹೊಗೆಗೆ ಒಡ್ಡಿಕೊಂಡಿದ್ದರು. ಜಮಖಾನಕ್ಕೆ ದಂಡ ಹಾಕುವ ಇನ್‌ಸ್ಪೆಕ್ಟರೂ ಇಲ್ಲ. ಇಲ್ಲಿಂದ ಮುಂದಿನದು ನೆರೆಹೊರೆಯ ತಿಳಿವಳಿಕೆಯಿಂದಲೇ ಆಗಬೇಕು.

ಇದು ಪರಿಸರ ಪತ್ರಿಕೆಗೆ ಸಲ್ಲುವ ವಿಷಯವೇ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದವರು ತಂಬಾಕು ಹದ ಮಾಡುವ ಬ್ಯಾರನ್‌ಗಳನ್ನು ನೋಡಿರುತ್ತಾರೆ. ವರ್ಜೀನಿಯಾ ತಂಬಾಕಿನ ಎಲೆಯನ್ನು ದಿನಗಟ್ಟಲೆ ಬಿಸಿಗಾಳಿಯಲ್ಲಿಟ್ಟು ಒಣಗಿಸಬೇಕು. ಒಂದು ಕಿಲೋ ಒಣ ಎಲೆಗೆ ಹಲವು ಕಿಲೋ ಸೌದೆ ಉರಿಯುತ್ತದೆ. ಹೊಗೆಸೊಪ್ಪು ಹೊಗೆಯಾಗುವ ಮೊದಲೇ ಮರವನ್ನು ಹೊಗೆ ಮಾಡಿರುತ್ತದೆ. ಕರಾವಳಿಯ ಹೆಂಗಸರು ಬೀಡಿ ಕಟ್ಟುತ್ತ ದಿನವಿಡೀ ಅದರ ಧೂಳು ಕುಡಿಯುತ್ತಾರೆ. ಭಾರತವು 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲಿ ಬೆಳೆಗಾರರಿಗೂ ಕಾರ್ಮಿಕರಿಗೂ ಬೇರೆ ಜೀವನೋಪಾಯ ಒದಗಿಸುವ ಮತ್ತು ಪರಿಸರ ರಕ್ಷಿಸುವ ವಿಧಿಗಳಿವೆ. ಬೆಳೆ, ಕಾಡು, ಕಾರ್ಮಿಕರ ಎದೆ, ಸಭೆಯ ಜಮಖಾನ. ಇವು ಬೇರೆ ಬೇರೆ ವಿಷಯಗಳಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡಾಗ ನೀರು, ಮಣ್ಣು, ಗಾಳಿ ಮುಂದಿನವರಿಗೂ ಉಳಿಯಲೆಂಬುದು ಅವರ ಆಶಯವಾಗಿತ್ತು. ಆ ಗಾಳಿ ಪಕ್ಕದಲ್ಲಿ ಕುಳಿತವರಿಗೂ ಸಿಗಬೇಕು.

ಆದುದರಿಂದ ಬಳಗವು ಚರ್ಚಿಸಿ ಕೆಲವು ನಿರ್ಧಾರಗಳನ್ನು ಮಾಡಿದೆ. ಸಭೆಯ ದಿನ ಭವನದಲ್ಲಾಗಲಿ, ಜಗಲಿಯಲ್ಲಾಗಲಿ, ಜಮಖಾನದ ಕೋಣೆಯಲ್ಲಾಗಲಿ ಯಾರೂ ಸೇದತಕ್ಕದ್ದಲ್ಲ. ಉಳಿದ ದಿನಗಳಲ್ಲಿಯೂ ಆ ಕೋಣೆಯನ್ನು ಬಿಟ್ಟುಕೊಡಲು ಇಸ್ಪೀಟಿನ ಗೆಳೆಯರು ಒಪ್ಪಿದ್ದಾರೆ. ಸೇದುವವರು ಅಂಗಳದಾಚೆ ಸೇದಿ, ಕೈ ಬಾಯಿ ತೊಳೆದು, ಸ್ವಲ್ಪ ಹೊತ್ತು ಹೊರಗಿನ ಗಾಳಿಯಲ್ಲಿ ನಿಂತು ಬರಬೇಕು. ಕೊನೆಯ ದಮ್ಮಿನ ಹೊಗೆ ಇನ್ನೂ ಕೆಲವು ಉಸಿರಿನವರೆಗೆ ಹೊರಬೀಳುತ್ತಿರುತ್ತದೆ. ಸಾಧ್ಯವಿದ್ದರೆ ಬೇರೆ ಅಂಗಿ ಹಾಕಿಕೊಳ್ಳಬೇಕು. ಗಾಳಿ ಬರುವ ಕಡೆಯ ಎರಡು ಕಿಟಕಿಗಳನ್ನು ಮಳೆಯಲ್ಲಿಯೂ ತೆರೆದಿಡಲು ಮಾಡಿನ ಅಂಚಿಗೆ ತಗಡು ಇಳಿಸಲಾಗುವುದು. ಹಳೆಯ ಜಮಖಾನವನ್ನು ಎರಡು ಸಲ ತೊಳೆದರೂ ವಾಸನೆ ಹೋಗಿಲ್ಲ. ಅದರ ಬದಲು ಒರೆಸಿ ಸ್ವಚ್ಛ ಮಾಡಬಹುದಾದ ಚಾಪೆಗಳನ್ನು ತರಲಾಗುವುದು. ವಾಸನೆ ಮುಚ್ಚಲು ಊದುಬತ್ತಿ ಹಚ್ಚುವುದಾಗಲಿ, ಸೊಳ್ಳೆಬತ್ತಿ ಇಡುವುದಾಗಲಿ ಬೇಡ, ಅವೂ ಹೊಗೆಯೇ.

ಮನೆಯಲ್ಲಿ ದಮ್ಮಿನ ರೋಗಿಗಳಿರುವವರಿಗೆ ಒಂದೆರಡು ಮಾತು. ವರ್ಷಗಟ್ಟಲೆ ಕೆಮ್ಮು, ಕಫ, ಏರು ಹತ್ತುವಾಗ ಏದುಸಿರು ಇದ್ದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ಕೊಳವೆಯೊಳಗೆ ಜೋರಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ. ಪಂಪು ಹಿಡಿದರೆ ಚಟವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಇನ್‌ಹೇಲರ್ ಔಷಧಿಯನ್ನು ಬೇಕಾದ ಜಾಗಕ್ಕೇ, ಕಡಿಮೆ ಪ್ರಮಾಣದಲ್ಲಿ ತಲುಪಿಸುತ್ತದೆ. ಸ್ಪೇಸರ್ ಜೋಡಿಸಿದರೆ ವಯಸ್ಸಾದವರಿಗೂ ಸುಲಭ. ಹುಷಾರಾದೆವೆಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಶೀತಜ್ವರದ ಲಸಿಕೆಯ ಬಗ್ಗೆ ಮಳೆಗಾಲಕ್ಕೆ ಮುಂಚೆಯೇ ವೈದ್ಯರಲ್ಲಿ ಕೇಳಿ. ಕೂತಲ್ಲೇ ಕೂರಿಸಬೇಡಿ; ಶಕ್ತಿಗೆ ತಕ್ಕ ನಡಿಗೆ ಈ ರೋಗಕ್ಕೆ ಔಷಧಿಯಷ್ಟೇ ಮುಖ್ಯ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ವಾಸನೆ ತಾಗುತ್ತದೆಂದು ಅವರು ಹೇಳಿದರೆ ನಂಬಿರಿ. ಅದು ನಾಜೂಕುತನವಲ್ಲ. ನಮ್ಮ ಮೂಗಿಗೆ ತಿಳಿಯದ್ದು ಅವರ ಎದೆಗೆ ತಿಳಿಯುತ್ತದೆ.

ನಮ್ಮ ಹಿರಿಯ ಸದಸ್ಯೆಗೆ ಈ ನಿರ್ಧಾರಗಳನ್ನು ತಿಳಿಸಿದಾಗ ಮೊದಲು ಸಂಕೋಚಪಟ್ಟರು. “ನನ್ನೊಬ್ಬಳಿಗೋಸ್ಕರ ಇಷ್ಟೆಲ್ಲ ಯಾಕೆ?” ಎಂದರು. ಅಂದು ಜಗಲಿಯಲ್ಲಿ ಬೀಡಿ ಆರಿಸಿ ಬಂದು ಪಕ್ಕದಲ್ಲಿ ಕುಳಿತಿದ್ದ ಗೆಳೆಯರೇ ಉತ್ತರ ಕೊಟ್ಟರು: “ನಿಮಗೊಬ್ಬರಿಗೇ ಅಲ್ಲ ಅಕ್ಕಾ, ನಮ್ಮನೇಲೂ ಮೊಮ್ಮಗು ಇದೆ.” ಮುಂದಿನ ಸಭೆಯಲ್ಲಿ ಸೊಪ್ಪಿನಬೆಟ್ಟದ ಚರ್ಚೆ ನಿಂತಲ್ಲಿಂದ ಮುಂದುವರಿಯಲಿದೆ. ಆ ಬೆಟ್ಟದ ಹಳೆಯ ಗಡಿಗಳನ್ನು ಕಾಲ್ನಡಿಗೆಯಲ್ಲಿ ನೋಡಿ ನೆನಪಿಟ್ಟುಕೊಂಡಿರುವವರು ಅವರೊಬ್ಬರೇ. ಅವರು ಬಂದು ಕೊನೆಯವರೆಗೆ ಕುಳಿತು ಮಾತನಾಡುವಂತಾಗಬೇಕು. ಸದಸ್ಯರೆಲ್ಲರೂ ಮೇಲಿನ ನಿರ್ಧಾರಗಳನ್ನು ಪಾಲಿಸಿ ಸಹಕರಿಸಬೇಕೆಂದೂ, ಇತರ ಊರುಗಳ ಸಂಘ, ಶಾಲೆ, ದೇವಸ್ಥಾನ ಸಮಿತಿಗಳು ತಮ್ಮ ತಮ್ಮ ಸಭೆಗಳಲ್ಲಿ ಈ ವಿಷಯ ಚರ್ಚಿಸಬೇಕೆಂದೂ ವಿನಂತಿಸುತ್ತೇವೆ.